ಉ ಒತ್ತಿದರೆ

ಡಂಡೀ ಊರಿನ ಮೊಬೈಲ್ ಅಂಗಡಿಯಲ್ಲಿ
ಕ್ಯಾಲಮ್ ಎಂಬ ಹುಡುಗ, ಒಂದೇ ಕಿವಿಗೆ ಮೂರು ರಿಂಗು,
ಎರಡು ಫೋನುಗಳನ್ನು ಪಕ್ಕಪಕ್ಕ ಮಲಗಿಸಿ
ನಡುವೆ ಒಂದು ಬಿಳಿ ವೈರು ಚುಚ್ಚಿದ.
ರಕ್ತ ಕೊಡುವವರು, ತಗೊಳ್ಳುವವರ ಹಾಗಿದ್ದವು.
ನಲವತ್ತು ನಿಮಿಷ, ಅಂದ. ಎಲ್ಲಾ ಬರುತ್ತೆ.

ಹಳೆಯದು ಆಂಡ್ರಾಯ್ಡು, ಏಳು ವರ್ಷದ್ದು,
ಮೂಲೆಯ ಬಿರುಕಿಗೆ ನಾನೇ ಹಚ್ಚಿದ ಉಗುರುಬಣ್ಣ.
ನರ್ಸಿಂಗ್ ಹೋಮಿನ ರಾತ್ರಿಪಾಳಿಯ ಗುಂಪಿನಲ್ಲಿ
ನಿನ್ನೊಬ್ಬಳಿಂದ ನಾವೆಲ್ಲ ಹಸಿರಾದೆವು ಎಂದು
ಶೋನಾ ನಗುತ್ತಿದ್ದಳು. ಅವಳು ಕಳಿಸಿದ ಫೋಟೋ
ನನಗೆ ತಲುಪುವಷ್ಟರಲ್ಲಿ ಅಂಚೆಚೀಟಿ, ಮುಖಗಳು ಮಸಿ.
ಸಾಕಾಗಿತ್ತು. ಬದಲಾಯಿಸಿದೆ.

ಹೆಸರುಗಳು ಬಂದವು, ಇನ್ನೂರ ಹನ್ನೊಂದು.
ಹಾಲಿನ ಈರಕ್ಕ ಬಂದಳು,
ತೀರಿಹೋದ ಟೈಲರ್ ಬಾಷಾ ಬಂದ,
"ಎತ್ತಬೇಡ" ಎಂದು ಬರೆದಿಟ್ಟುಕೊಂಡ ನಂಬರೂ ಬಂತು.
ಹೆಬ್ಬೆರಳು ಮಾತ್ರ ದಾಟಲಿಲ್ಲ.
ಹಿಂದಕ್ಕೆ ಹೋಗುವ ಆ ಸಣ್ಣ ತ್ರಿಕೋನವಿದ್ದ ಜಾಗವನ್ನು
ಈಗಲೂ ತಡಕುತ್ತದೆ,
ಕಿತ್ತ ಹಲ್ಲಿನ ಸಂದಿಗೆ ನಾಲಿಗೆ ಹೋದಂತೆ.
ಹಳೆಯದಕ್ಕೆ ನಾಲ್ಕು ಪೌಂಡು ಕೊಡ್ತೀವಿ, ಅಂದ ಹುಡುಗ.
ಕೊಟ್ಟೆ.

ಬಸ್ಸಿನ ಮೇಲಂತಸ್ತು. ಎಡಕ್ಕೆ ಟೇ ನದಿ, ಸೀಸದ ಬಣ್ಣ.
ಹಿರಿಯೂರಿನಲ್ಲಿ ಮಧ್ಯಾಹ್ನ ಇಳಿಯುವ ಹೊತ್ತು.
ದಾಕ್ಷಾಯಣಕ್ಕನ ಪ್ರಶ್ನೆ ಬಂದು ಕೂತಿತ್ತು, ದಿನದ್ದೇ:
ಉಂಡ್ಯಾ?

ಹಳೆಯ ಫೋನಿಗೆ ಇದು ಬಾಯಿಪಾಠ.
ಉ ಒತ್ತಿದರೆ ಸಾಕು, "ಉಂಡೆ" ತಾನೇ ಮುಂದೆ ಬರುತ್ತಿತ್ತು,
ಹಿಂದೆಯೇ "ನೀನು?", ಅದರ ಹಿಂದೆ ಒಂದು ನಗುಮುಖ.
ಮೂರು ಒತ್ತು, ಮುಗೀತು.
ಒಣ ಬಿಸ್ಕತ್ತು ತಿಂದ ದಿನವೂ ಉಂಡೆ.
ಮಿಸೆಸ್ ಗೆಡ್ಡೆಸ್ ನನ್ನ ಕೈ ಹಿಡಿದುಕೊಂಡೇ ಹೋದ
ರಾತ್ರಿಯ ಮರುದಿನ, ಗಂಟಲಲ್ಲಿ ನೀರೂ ಇಳಿಯದೆ
ಸಿಂಕಿನ ಮುಂದೆ ನಿಂತಿದ್ದಾಗಲೂ ಉಂಡೆ.
ಸಾಲದವರು ಬಂದರೆ ಯಜಮಾನ್ರು ಮನೇಲಿಲ್ಲ ಅನ್ನುವ
ಹಳೆಯ ಆಳಿನಂತೆ
ಎಷ್ಟು ಚಂದ ಕಲಿತುಬಿಟ್ಟಿತ್ತು ಅದು.

ಇದೋ, ಈಗ ತಾನೇ ವರ್ಗವಾಗಿ ಬಂದ ಗುಮಾಸ್ತ.
ಉ ಒತ್ತಿದೆ.
ಉದ್ಘಾಟನೆ, ಅಂತು.
ಉಪಸಮಿತಿ.
ಉತ್ತರ ವಲಯ.
ಅಲ್ಲಪ್ಪಾ, ಎಂದು ಸೊನ್ನೆ ಸೇರಿಸಿದೆ.
ಉಂಗುರ, ಅಂತು.
ಗ್ಲೌಸಿಗೆ ಅಡ್ಡಿಯೆಂದು ಬಿಚ್ಚಿ
ಸಕ್ಕರೆ ಡಬ್ಬಿಯಲ್ಲಿಟ್ಟು ಎರಡು ವರ್ಷವಾಯಿತು.
ಇದಕ್ಕೆ ಯಾರು ಹೇಳಿದರು?

ಡ ಹುಡುಕಿದೆ, ಅದೂ ಮನೆ ಬದಲಾಯಿಸಿದೆ.
ಎತ್ವಕ್ಕೆ ಹುಡುಕಿದರೆ ಗುಡಿಸು ಸಿಕ್ಕಿತು.
ಉಂಡಿ.
ಅಳಿಸಬಹುದಿತ್ತು.
ಆದರೆ ಒಂದೊಂದೇ ಅಕ್ಷರ ಹೆಕ್ಕಿ ಹೆಕ್ಕಿ
ಸುಳ್ಳು ಬರೆಯಲಾಗುವುದಿಲ್ಲ, ನೋಡಿ,
ಅದಕ್ಕೊಂದು ವೇಗ ಬೇಕು.
ಮುಂದಕ್ಕೆ ಲ್ಲ ಸೇರಿಸಿದೆ.
ಉಂಡಿಲ್ಲ.
ಕಳಿಸಿಯೂಬಿಟ್ಟೆ.

ಎರಡು ನೀಲಿ ಗೀಟು.
ಅಕ್ಕ ಬರೆಯುತ್ತಿದ್ದಾಳೆ.
ನಿಲ್ಲಿಸಿದಳು.
ಬರೆಯುತ್ತಿದ್ದಾಳೆ.
ಕಡಲಹಕ್ಕಿಯೊಂದು ಯಾರದೋ ಚಿಪ್ಸಿನ ಪೊಟ್ಟಣ ಕಚ್ಚಿಕೊಂಡು
ಬಸ್ಸಿನ ಜೊತೆ ಅರ್ಧ ಬೀದಿ ಹಾರಿತು.

"ಯಾರ್ರೀ ನೀವು?
ನನ್ ತಂಗಿ ಫೋನು ನಿಮ್ ಕೈಗೆ ಹೆಂಗ್ ಬಂತು?
ದುಡ್ಡು ಗಿಡ್ಡು ಕೇಳಿದ್ರೆ ನೋಡಿ,
ಸೀದಾ ಪೊಲೀಸ್ ಸ್ಟೇಷನ್ನು."

ನಗು ತಡೆಯಲಾಗಲಿಲ್ಲ. ನಕ್ಕಿದ್ದೋ ಏನೋ,
ಮುಂದಿನ ಸೀಟಿನ ಟೋಪಿ ಮುದುಕ ತಿರುಗಿ ನೋಡಿದ.
ನಾನೇ ಕಣೇ, ಎಂದು ಬರೆಯಹೊರಟೆ.
ನಾ ಒತ್ತಿದೆ.
ನಾಗರಿಕರು, ಅಂತು ಗುಮಾಸ್ತ.

ಅಷ್ಟರಲ್ಲಿ ಬಸ್ಸಿನಲ್ಲಿ ಯಾರದೋ ಫೋನು
ಮರದ ಹಲಗೆಯ ಮೇಲೆ ಗೋಲಿ ಉರುಳಿದ ಹಾಗೆ
ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಶುರುವಾಯಿತು.
ಯಾಕೆ ಎತ್ತುತ್ತಿಲ್ಲವೋ, ಪಾಪ,
ಆ ಕಡೆ ಯಾರು ಕಾಯುತ್ತಿದ್ದಾರೋ, ಅಂದುಕೊಂಡೆ.
ಮುದುಕ ನನ್ನ ಮಡಿಲಿನತ್ತ
ಬೆರಳು ತೋರಿಸಿದ.